ಲೈನಿನ ಮಕ್ಕಳು, ಶಿಶುವಿಹಾರದ ಗೋಡೆ

ನಾನು ನಿವೃತ್ತಿಯಾಗಿ ಬಂದ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊನ್ನೆ ಫೋನ್ ಮಾಡಿದ್ದಳು. "ಮೇಡಂ, ಮೊದಲನೇ ಶಿಬಿರಕ್ಕೆ ಯಾವ ಬಣ್ಣ ತಗೊಂಡು ಹೋಗ್ಲಿ? ಪೋಸ್ಟರ್ ಕಲರ್ ಸಾಕಾ, ಅಕ್ರಿಲಿಕ್ ಬೇಕಾ?" ಎಂದು ಕೇಳಿದಳು. ದನಿಯಲ್ಲಿ ಅಷ್ಟು ಉತ್ಸಾಹವಿತ್ತು. ಕೇಳಿ ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. "ಯಾವುದಾದ್ರೂ ತಗೊಂಡು ಹೋಗಮ್ಮ, ಮಳೆಗಾಲದಲ್ಲಿ ಎರಡೂ ಒಣಗುದಿಲ್ಲ" ಎಂದು ಹೇಳಿ ಫೋನಿಟ್ಟೆ. ಅವಳಿಗೆ ಹೇಳಬೇಕಾಗಿದ್ದದ್ದು ಬಣ್ಣದ ವಿಷಯವಲ್ಲ. ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಭಾಗಮಂಡಲದ ಕಡೆಯವಳು, ಮನೆಮಾತು ಅರೆಭಾಷೆ. ಡ್ರಾಯಿಂಗ್ ಟೀಚರ್ ತರಬೇತಿ ಮುಗಿಸಿ, ಸರಕಾರಿ ಶಾಲೆಯ ಕೆಲಸಕ್ಕೆ ಕಾದು ಸಾಕಾಗಿ, ಮೈಸೂರಿನ ಒಂದು ಸಂಸ್ಥೆಯ ಕೊಡಗಿನ ಕೇಂದ್ರಕ್ಕೆ ಸೇರಿಕೊಂಡೆ. ಅಲ್ಲೇ ತಲೆ ನರೆಯಿತು. ಊರೂರಿಗೆ, ತೋಟ ತೋಟಕ್ಕೆ ಹೋಗಿ ಹರೆಯದ ಮಕ್ಕಳಿಗೆ ಚಿತ್ರಕಲೆಯ ಶಿಬಿರ ನಡೆಸುವುದು ನನ್ನ ಕೆಲಸ. ಇದು ಕೆಲಸವೆಂದು ಒಪ್ಪಿದವರನ್ನು ನಾನು ಕಂಡದ್ದು ಕಡಿಮೆ. ಬಸ್ಸಿನಲ್ಲಿ ನನ್ನ ಬಣ್ಣದ ಡಬ್ಬಗಳನ್ನು ನೋಡಿದವರು ತಮ್ಮ ಗೇಟಿಗೆ ಯಾವಾಗ ಪೇಂಟ್ ಹೊಡೆದು ಕೊಡುತ್ತೀರಿ ಎಂದು ಕೇಳಿದ್ದುಂಟು. ನನ್ನ ಅತ್ತೆಯಂತೂ ಸಾಯುವವರೆಗೂ ಬಂದವರೊಡನೆ, "ದಿನಾ ಸೀರೆಗೆ ಬಣ್ಣ ಮೆತ್ತಿಕಂಡ್ ಬಂದದೆ, ಅದೆಂಥ ಕೆಲ್ಸನೋ ನಂಗೆ ಗೊತ್ತಾದುಲೆ" ಎನ್ನುತ್ತಿದ್ದರು. ಅವರನ್ನು ಆಗ ಬೈದುಕೊಳ್ಳುತ್ತಿದ್ದೆ. ಈಗ ಬೈಯುವುದಿಲ್ಲ.

ಮೊದಲ ವರ್ಷಗಳಲ್ಲಿ ನಾನು ಮಾಡಿದ ಎಡವಟ್ಟುಗಳನ್ನು ಹೇಳಿದರೆ ಹೊಸಬರಿಗೆ ಸ್ವಲ್ಪ ಧೈರ್ಯ ಬಂದೀತು. ಹುದಿಕೇರಿಯ ಹತ್ತಿರ ಒಬ್ಬ ಬೆಳೆಗಾರರು ತಮ್ಮ ಕಾಫಿ ಕಣವನ್ನು ಶಿಬಿರಕ್ಕೆ ಬಿಟ್ಟುಕೊಡಲು ಒಪ್ಪಿದ್ದರು. ಅವರು ಒಪ್ಪಿದ್ದು ಮಳೆಗಾಲದಲ್ಲಿ, ಕಣ ಖಾಲಿ ಇರುವಾಗ. ನಾನು ಮಕ್ಕಳನ್ನು ಕರೆದುಕೊಂಡು ಹೋದದ್ದು ಜನವರಿಯಲ್ಲಿ. ಇಡೀ ಕಣದ ಮೇಲೆ ಕಾಫಿ ಒಣಹಾಕಿತ್ತು. ಒಂದು ಮೂಲೆಯಲ್ಲಿ ಮಕ್ಕಳನ್ನು ಒತ್ತೊತ್ತಾಗಿ ಕೂರಿಸಿದೆ. ದೊಡ್ಡ ಮಕ್ಕಳೆಲ್ಲ ಅಪ್ಪ ಅಮ್ಮನ ಜೊತೆ ಪಿಕಿಂಗಿಗೆ, ಅಂದರೆ ಕಾಫಿ ಹಣ್ಣು ಕೊಯ್ಯಲು, ಹೋಗಿದ್ದರು, ಬಂದವರೆಲ್ಲ ಚಿಳ್ಳೆಪಿಳ್ಳೆಗಳು. ಅರ್ಧ ಗಂಟೆಯೊಳಗೆ ನೀಲಿ ನೀರಿನ ಬಕೆಟ್ ಮಗುಚಿತು. ನೀಲಿ ಕಾಫಿ ನೋಡಿದ ಬೆಳೆಗಾರರು ಬಾಯಿಗೆ ಬಂದ ಹಾಗೆ ಬೈದರು. ಕಾಫಿ ಕೊಯ್ಲಿನ ಕಾಲದಲ್ಲಿ ಕೊಡಗಿನಲ್ಲಿ ಯಾವ ಶಿಬಿರವನ್ನೂ ಇಟ್ಟುಕೊಳ್ಳಬಾರದು ಎಂಬುದು ಹಾಗೆ ಗೊತ್ತಾಯಿತು.

ನಾನು ಕಲಿಸುತ್ತಿದ್ದ ಕ್ರಮವೂ ಆಗ ಹಾಗೇ ಇತ್ತು. ಮೈಸೂರಿನಿಂದ ಕೊಟ್ಟ ಮಾದರಿ ಚಿತ್ರಗಳನ್ನು ಗೋಡೆಗೆ ಅಂಟಿಸುವುದು, ಮಕ್ಕಳು ಅದನ್ನು ನೋಡಿ ಬರೆಯುವುದು. ಎರಡು ಬೆಟ್ಟ, ಮಧ್ಯೆ ಸೂರ್ಯ, ಒಂದು ಹೊಳೆ, ಒಂದು ಗುಡಿಸಲು. ಕುಶಾಲನಗರದ ಹತ್ತಿರದ ಒಂದು ಶಾಲೆಯಲ್ಲಿ ಎಲ್ಲ ಮಕ್ಕಳೂ ಎರಡು ಬೆಟ್ಟಗಳ ನಡುವೆ ಸೂರ್ಯನನ್ನು ಬರೆದು, ಎಲ್ಲರಿಗೂ ಬಹುಮಾನ ಸಿಕ್ಕಿ, ಎಲ್ಲರೂ ಸಂತೋಷವಾಗಿ ಮನೆಗೆ ಹೋದರು. ನಾನೂ ಸಂತೋಷವಾಗಿಯೇ ಬಸ್ಸು ಹತ್ತಿದೆ. ಅದು ಒಳ್ಳೆಯ ಕಾಲ. ಯಾರಿಗೂ ಏನೂ ಆಗದಂಥ ಚಿತ್ರಗಳು ಅವು.

ಆ ಕ್ರಮವನ್ನು ಬಿಡಿಸಿದ್ದು ಸಿದ್ದಾಪುರ. ಅಲ್ಲಿಂದ ಸ್ವಲ್ಪ ಒಳಗಿನ ಒಂದು ದೊಡ್ಡ ತೋಟದಲ್ಲಿ, ಕೂಲಿಯವರ ಮಕ್ಕಳಿಗೆ ವಾರಕ್ಕೊಂದು ತರಗತಿ ನಡೆಸಲು ಮ್ಯಾನೇಜರ್ ಅನುಮತಿ ಕೊಟ್ಟಿದ್ದರು. ತಮಿಳು, ಮಲಯಾಳ, ಯರವ, ತುಳು, ಎಲ್ಲ ಮಾತಿನ ಮಕ್ಕಳೂ ಇದ್ದರು, ಒಬ್ಬರಿಗೊಬ್ಬರು ಸೇರುವ ಮಾತು ಮಾತ್ರ ಕನ್ನಡ. ಮೊದಲ ದಿನ ಎಲ್ಲರಿಗೂ ಹಾಳೆ ಕೊಟ್ಟು, ನೆಲ ಆಕಾಶ ಸೇರುವ ಜಾಗ ತೋರಿಸೋಣವೆಂದು, "ಮಧ್ಯದಲ್ಲಿ ಒಂದು ಲೈನ್ ಹಾಕಿ, ಈ ಕಡೆಯಿಂದ ಆ ಕಡೆಯವರೆಗೆ ಉದ್ದಕ್ಕೆ" ಎಂದೆ. ಮಕ್ಕಳು ತಲೆ ತಗ್ಗಿಸಿದವರು ಮೇಲೆತ್ತಲೇ ಇಲ್ಲ. ಒಂದು ಗೆರೆ ಎಳೆಯಲು ಇಷ್ಟು ಹೊತ್ತಾ ಎಂದು ನನಗೆ ರೇಗಿತು. ಆಗ ಮುಂದೆ ಕೂತಿದ್ದ ಎರಡು ಜಡೆಯ ಹುಡುಗಿ ಕೇಳಿದಳು:

"ಟೀಚರ್, ಬಾಗಿಲು ಎಷ್ಟು ಹಾಕ್ಬೇಕು?"

"ಲೈನಿಗೆ ಎಂಥ ಬಾಗಿಲು?"

"ಬಾಗಿಲಿಲ್ದೆ ಒಳಗೆ ಹೇಗೆ ಹೋಗುದು ಟೀಚರ್?"

ಇಡೀ ತರಗತಿ ನನ್ನನ್ನು ನೋಡಿ ನಕ್ಕಿತು. ಹಾಳೆಗಳನ್ನು ನೋಡಿದೆ. ಎಲ್ಲರೂ ಲೈನ್ ಬರೆದಿದ್ದರು. ಕೊಡಗಿನ ತೋಟದಲ್ಲಿ ಲೈನ್ ಎಂದರೆ ಕೂಲಿಯವರು ಇರುವ ಸಾಲುಮನೆ. ಮೇಲೆ ಒಂದೇ ಸೂರು, ಉದ್ದಕ್ಕೆ ಬಾಗಿಲ ಪಕ್ಕ ಬಾಗಿಲು, ಬಾಗಿಲ ಮುಂದೆ ನೀರಿನ ಡ್ರಮ್ಮು. ಹುಟ್ಟಿದಂದಿನಿಂದ ಅವರು ಕೇಳಿದ ಲೈನ್ ಅದೊಂದೇ. ಯಾರ ಹಾಳೆಯಲ್ಲೂ ಬೆಟ್ಟ ಇರಲಿಲ್ಲ, ಸೂರ್ಯ ಇರಲಿಲ್ಲ. ಒಬ್ಬನ ಬಾಗಿಲಲ್ಲಿ ನಾಯಿ, ಇನ್ನೊಬ್ಬಳ ಬಾಗಿಲಿಗೆ ಬೀಗ, ಮತ್ತೊಬ್ಬನ ಬಾಗಿಲ ಮುಂದೆ ಜಗಳವಾಡುವ ಗಂಡ ಹೆಂಡತಿ. ನಾನು ಅಷ್ಟು ವರ್ಷ ಮಾಡಿಸಿದ ಚಿತ್ರಗಳಲ್ಲಿ ಅಂಥದ್ದೊಂದೂ ಇರಲಿಲ್ಲ.

ಅವತ್ತಿನಿಂದ ಮಾದರಿ ಚಿತ್ರಗಳನ್ನು ಕಟ್ಟಿ ಅಟ್ಟಕ್ಕೆ ಹಾಕಿದೆ. ಹೊಸ ಊರಿಗೆ ಹೋದರೆ ನೆಲದ ಮೇಲೆ ಉದ್ದದ ಕಾಗದ ಹಾಸಿ, ಪ್ರತಿಯೊಬ್ಬರೂ ಪಕ್ಕಪಕ್ಕದಲ್ಲಿ ಕೂತು ತಮ್ಮ ತಮ್ಮ ಬಾಗಿಲು ಬರೆಯುವುದರಿಂದಲೇ ಶುರು. ಪಕ್ಕದವರ ಗೋಡೆಗೆ ನಮ್ಮ ಗೋಡೆ ತಾಗಬೇಕು, ಅದೊಂದೇ ನಿಯಮ. ಮಾಕುಟ್ಟದ ಕಡೆಯಿಂದ ಕುಶಾಲನಗರದವರೆಗೆ ಎಲ್ಲ ಕಡೆ ಇದನ್ನೇ ಮಾಡಿಸಿದೆ. ಮೇಲಿನವರು ಬಂದು ನೋಡಿ ಮೆಚ್ಚಿದರು. ಇದು ನನ್ನ ಬುದ್ಧಿವಂತಿಕೆ ಎಂದು ಅವರು ತಿಳಿದುಕೊಂಡರು, ನಾನು ತಿದ್ದಲೂ ಇಲ್ಲ.

ಬಾಗಿಲಿನ ಲೆಕ್ಕ ಕೇಳಿದ ಆ ಹುಡುಗಿ ಸುಗಂಧಿ. ಅವಳ ಅಪ್ಪ ಪಳನಿ, ಅಮ್ಮ ರಾಜಮ್ಮ, ಇಬ್ಬರೂ ಅದೇ ತೋಟದಲ್ಲಿ ಕೆಲಸ ಮಾಡುತ್ತಿದ್ದರು. ತರಗತಿ ಮುಗಿಯುವ ಹೊತ್ತಿಗೆ ರಾಜಮ್ಮ ಕೆಲಸ ಬಿಟ್ಟು ಬರುತ್ತಿದ್ದಳು. ತರಗತಿಯ ಒಳಗೆ ಕಾಲಿಡುತ್ತಿರಲಿಲ್ಲ, ಕಾಲು ಕೆಸರು ಎನ್ನುತ್ತಿದ್ದಳು. ಹೊರಗಿಂದಲೇ ಕತ್ತು ಉದ್ದ ಮಾಡಿ ಮಗಳ ಚಿತ್ರ ನೋಡಿ, "ನಮ್ಮ ಬಾಗಿಲಿಗೆ ಅಷ್ಟು ಒಳ್ಳೆ ಕಲರ್ ಎಲ್ಲಿದೆ? ಸುಳ್ಳು ಬರೀತಾಳೆ ಟೀಚರ್, ಒಂದೇಟು ಕೊಡಿ" ಎಂದು ನಗುತ್ತಿದ್ದಳು. ಗಟ್ಟಿ ಹೆಂಗಸು, ಮಾತಿನಲ್ಲಿ ಯಾರಿಗೂ ಬಿಟ್ಟುಕೊಡುವವಳಲ್ಲ. ಅವಳ ನಗೆ ಲೈನಿನ ಈ ತುದಿಯಿಂದ ಆ ತುದಿಗೆ ಕೇಳುತ್ತಿತ್ತು.

ಸುಗಂಧಿ ಕಾಲೇಜಿಗೆ ಸೇರಿದ ವರ್ಷ, ಕೊಯ್ಲಿನ ಕಾಲದಲ್ಲಿ, ರಾಜಮ್ಮ ಆನೆ ತುಳಿದು ಸತ್ತಳು. ಸಿದ್ದಾಪುರದ ಸುತ್ತ ಇದು ಹೊಸದಲ್ಲ. ಆನೆಗಳು ಕಾಡಿನಲ್ಲಿ ಇರುವುದಕ್ಕಿಂತ ಹೆಚ್ಚು ಕಾಫಿ ತೋಟದೊಳಗೇ ಇರುತ್ತವೆ, ಬೆಳಿಗ್ಗೆ ಕೆಲಸಕ್ಕೆ ಹೊರಟವರು ಸಂಜೆ ಬಂದರೆ ಬಂದ ಹಾಗೆ. ಆದರೆ ರಾಜಮ್ಮನ ಸಾವಿನಲ್ಲಿ ಒಂದು ತಕರಾರಿತ್ತು. ಅವಳು ಕೆಲಸದಲ್ಲಿರಲಿಲ್ಲ, ಯಾರಿಗೂ ಹೇಳದೆ ನೀರಿನ ತೋಡಿನ ಬದಿಗೆ ಸೌದೆ ಆರಿಸಲು ಹೋಗಿದ್ದಳು ಎಂದು ತೋಟದ ರೈಟರ್ ಹೇಳಿದ. ರೈಟರ್ ಎಂದರೆ ಬೆಳಿಗ್ಗೆ ಹಾಜರಿ ಕರೆದು ಯಾರು ಯಾವ ಕಡೆ ಹೋಗಬೇಕೆಂದು ಹೇಳುವವನು. ಅವನು ಹೇಳಿದ್ದನ್ನೇ ಮ್ಯಾನೇಜರ್ ಹೇಳಿದರು, ಬಂದವರೆಲ್ಲರಿಗೂ ಅದನ್ನೇ ಹೇಳಿದರು. ಸ್ವಲ್ಪ ದಿನದಲ್ಲಿ ಲೈನಿನ ಹೆಂಗಸರೂ, "ಪಾಪ, ಸೌದೆ ಆಸೆಗೆ ಹೋಗಿ ಜೀವ ಕಳ್ಕೊಂಡ್ಳು" ಎನ್ನತೊಡಗಿದರು. ಪಳನಿಯೂ ಹಾಗೇ ಹೇಳುತ್ತಿದ್ದ. ಅವನಿಗೆ ಮನೆ ಕೊಟ್ಟವರು ತೋಟದವರು. ಬೇರೆ ಏನು ಹೇಳಿಯಾನು?

ಸುಗಂಧಿ ಮಾತ್ರ ಹಾಗೆ ಹೇಳಲಿಲ್ಲ. ಅವತ್ತು ಕಾಲೇಜಿಗೆ ರಜೆ, ಅಮ್ಮನ ಜೊತೆ ಅವಳೂ ಪಿಕಿಂಗಿಗೆ ಹೋಗಿದ್ದಳು. ಆ ಕಡೆ ಆನೆ ಬಂದಿದೆಯೆಂದು ಕಾವಲಿನವನು ಬೆಳಿಗ್ಗೆಯೇ ಹೇಳಿದ್ದನಂತೆ. ರೈಟರ್, ಅದೆಲ್ಲ ಆಚೆ ದಾಟಿದೆ ಹೋಗಿ ಎಂದು ಕಳಿಸಿದ್ದನಂತೆ. ಅಮ್ಮ ಪಕ್ಕದ ಸಾಲಿನಲ್ಲಿ ನಿಂತು ಹಣ್ಣು ಕೊಯ್ಯುತ್ತಿದ್ದಳು, ಸೊಂಟದಲ್ಲಿ ಚೀಲವಿತ್ತು. ಇದನ್ನು ಸುಗಂಧಿ ಕೇಳಿದವರಿಗೆಲ್ಲ ಹೇಳಿದಳು. ತಾಯಿ ಸತ್ತ ಹುಡುಗಿ, ಗಾಬರಿಯಲ್ಲಿ ಏನೋ ಹೇಳುತ್ತಾಳೆ ಎಂದು ಸಮಾಧಾನ ಮಾಡಿದರು. ಗೊತ್ತಿದ್ದೂ ಕಳಿಸಿದರೆಂದರೆ ತಪ್ಪು ತೋಟದವರದ್ದಾಗುತ್ತದೆ, ಸೌದೆಗೆ ಹೋದಳೆಂದರೆ ತಪ್ಪು ಸತ್ತವಳದ್ದಾಗುತ್ತದೆ. ಅವತ್ತು ಜೊತೆಗಿದ್ದ ಕೆಲಸದವರಿಗೂ ಸತ್ಯ ಗೊತ್ತಿತ್ತು ಎಂದೇ ನನ್ನ ಎಣಿಕೆ. ಅವರೂ ತೋಟದ ಮನೆಗಳಲ್ಲೇ ಇರುವವರು.

ನನ್ನ ಮೇಲಧಿಕಾರಿ ಪ್ರಭಾಕರ್ ಅವರ ವಿಷಯ ಇಲ್ಲಿ ಹೇಳಬೇಕು. ಮೈಸೂರಿನವರು, ಓದಿಕೊಂಡವರು, ಮೆಲುಮಾತಿನವರು. ಮಕ್ಕಳ ಹೆಸರು ನೆನಪಿಟ್ಟುಕೊಳ್ಳುತ್ತಿದ್ದರು, ಊಟದ ಹೊತ್ತಿನಲ್ಲಿ ತಾವೇ ಬಡಿಸುತ್ತಿದ್ದರು. ಕೆಟ್ಟ ಮೇಲಧಿಕಾರಿಗಳ ಕೈಕೆಳಗೂ ನಾನು ಕೆಲಸ ಮಾಡಿದ್ದೇನೆ, ಅವರ ಜೊತೆ ಜಗಳ ಸುಲಭ. ಒಳ್ಳೆಯವರ ಜೊತೆ ಜಗಳವಾಡಿ ಗೆಲ್ಲುವುದು ಹೇಗೆಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ. ರಾಜಮ್ಮ ಸತ್ತ ಮರುವರ್ಷ ಅವರು ಆನೆ ಮತ್ತು ಮನುಷ್ಯರು ಜೊತೆಯಾಗಿ ಬಾಳುವ ಬಗ್ಗೆ ಹೊಸದೊಂದು ಕಾರ್ಯಕ್ರಮ ತಂದರು. ಹರೆಯದ ಮಕ್ಕಳು ತೋಟದ ಗೋಡೆಗಳ ಮೇಲೆ ದೊಡ್ಡ ಚಿತ್ರ ಬರೆಯುವುದು, ಕೊನೆಗೆ ಅತಿಥಿಗಳನ್ನು ಕರೆದು ತೋರಿಸುವುದು. ಸಿದ್ದಾಪುರದ ತೋಟದಲ್ಲಿ, ಲೈನಿನ ಎದುರಿಗಿದ್ದ ಹಳೆಯ ಶಿಶುವಿಹಾರದ ಗೋಡೆ ಸಿಕ್ಕಿತು.

ಸುಗಂಧಿ ಬರುವುದಿಲ್ಲವೆಂದೇ ಅಂದುಕೊಂಡಿದ್ದೆ. ಬಂದಳು. ಮೊದಲಿನ ಹಾಗೆ ಮಾತಿಲ್ಲ, ನಗೆಯಿಲ್ಲ, ಆದರೆ ಕೈ ಮಾತ್ರ ಇನ್ನೂ ಪಳಗಿತ್ತು. ಆನೆ ಬರೆಯಲು ಯಾರೂ ಮುಂದೆ ಬರಲಿಲ್ಲ. ದಿನಾ ಹೆದರಿ ನಡೆಯುವ ಪ್ರಾಣಿಯನ್ನು ಮನೆ ಎದುರಿನ ಗೋಡೆಯ ಮೇಲೂ ಯಾಕೆ ನೋಡುವುದು ಎಂದು ಒಬ್ಬ ಹುಡುಗ ಕೇಳಿದ. ನನಗೂ ಸರಿ ಎನಿಸಿತು. ನಮ್ಮ ಎಂದಿನ ಕ್ರಮದಲ್ಲೇ ಶುರು ಮಾಡಿದೆವು. ಗೋಡೆಯ ಉದ್ದಕ್ಕೂ ಇಡೀ ಲೈನ್, ಒಬ್ಬೊಬ್ಬರಿಗೆ ಒಂದೊಂದು ಬಾಗಿಲು. ಕೊನೆಯ ಬಾಗಿಲಾದ ಮೇಲೆ ತೋಟ ಶುರು. ಆ ತುದಿಯನ್ನು ಸುಗಂಧಿ ಕೇಳಿ ತೆಗೆದುಕೊಂಡಳು.

ಅವಳು ಬರೆದದ್ದು ಅಮ್ಮನನ್ನು. ಕಾಫಿ ಗಿಡದ ಸಾಲಿನಲ್ಲಿ ರಾಜಮ್ಮ ನಿಂತಿದ್ದಾಳೆ. ಒಂದು ಕೈ ಕೊಂಬೆಯನ್ನು ಬಗ್ಗಿಸಿ ಹಿಡಿದಿದೆ. ಸೊಂಟಕ್ಕೆ ಕಟ್ಟಿದ ಚೀಲ ಹಣ್ಣು ತುಂಬಿ ಒಂದು ಬದಿಗೆ ಜಗ್ಗಿದೆ. ಮುಖ ಮಾತ್ರ ಹಿಂದಕ್ಕೆ ತಿರುಗಿದೆ, ಯಾರೋ ಕರೆದದ್ದು ಕೇಳಿದವಳಂತೆ. ಆನೆ ಎಲ್ಲೂ ಇಲ್ಲ. ನಾನು ಎಷ್ಟೋ ಮಕ್ಕಳ ಚಿತ್ರ ನೋಡಿದ್ದೇನೆ, ಆ ಮುಖದಂಥದ್ದನ್ನು ನೋಡಿಲ್ಲ. ನೋಡಿ ನಾನು ಅತ್ತುಬಿಟ್ಟೆ. ಸುಗಂಧಿ ಅಳಲಿಲ್ಲ.

"ಟೀಚರ್, ಚೀಲ ಸರಿ ಕಾಣ್ತದಾ? ದೂರದಿಂದ ನೋಡಿದ್ರೂ ಪಿಕಿಂಗ್ ಚೀಲ ಅಂತ ಗೊತ್ತಾಗ್ಬೇಕು" ಎಂದಳು.

ಅವಳಿಗೆ ಬೇಕಿದ್ದದ್ದು ಅಷ್ಟೇ. ದಿನ ಬೆಳಗಾದರೆ ಆ ಗೋಡೆಯ ಮುಂದೆ ಕೆಲಸಕ್ಕೆ ಹೋಗುವವರು ತನ್ನ ಅಮ್ಮ ಕೆಲಸದಲ್ಲಿದ್ದಳೆಂದು ನೋಡಬೇಕು. ಲೈನಿನವರು ನೋಡಿದರು. ಹೆಂಗಸರು ಬಂದು ನಿಂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡಿ ಹೋದರು. ಆ ದಿನಗಳಲ್ಲಿ ಸೌದೆಯ ಮಾತು ಲೈನಿನಲ್ಲಿ ನನ್ನ ಕಿವಿಗೆ ಬೀಳಲಿಲ್ಲ. ಒಂದು ಚಿತ್ರ ಇಷ್ಟು ಮಾಡುತ್ತದಲ್ಲ ಎಂದು ನಾನು ಹಿಗ್ಗಿದೆ. ಹಿಗ್ಗು ನಾಲ್ಕು ದಿನವೂ ಉಳಿಯಲಿಲ್ಲ.

ರೈಟರ್ ಒಂದು ಸಂಜೆ ಬಂದು ಗೋಡೆಯ ಉದ್ದಕ್ಕೂ ನಡೆದ. ಮಕ್ಕಳ ಬಾಗಿಲುಗಳನ್ನು ನೋಡಿ ತಮಾಷೆ ಮಾಡಿದ, ತನ್ನ ನಾಯಿಯನ್ನೂ ಬರೆದಿದ್ದಾರೆಂದು ನಕ್ಕ. ಕೊನೆಗೆ ಬಂದವನು ನಿಂತುಬಿಟ್ಟ. ಆಮೇಲೆ ನನ್ನ ಕಡೆ ತಿರುಗಿ, "ಚೆಂದ ಉಂಟು ಟೀಚರೇ. ಆ ಚೀಲ ಒಂದು ಯಾಕೆ?" ಎಂದ.

"ಪಿಕಿಂಗ್ ಮಾಡುವವರ ಸೊಂಟದಲ್ಲಿ ಚೀಲ ಇರ್ತದಲ್ಲ" ಎಂದೆ.

"ಅದು ಸರಿ. ಇವ್ಳು ಪಿಕಿಂಗಲ್ಲಿ ಇರ್ಲಿಲ್ಲಲ್ಲ" ಎಂದು ಹೇಳಿ ಬೈಕ್ ಹತ್ತಿ ಹೋದ.

ಮರುದಿನ ಮ್ಯಾನೇಜರ್ ಮೈಸೂರಿಗೆ ಫೋನ್ ಮಾಡಿದರು. ಅದರ ಮರುದಿನ ಪ್ರಭಾಕರ್ ಬಂದಿಳಿದರು. ಗೋಡೆ ನೋಡಿ ಅವರೂ ಕಣ್ಣೊರೆಸಿಕೊಂಡರು, ಅದು ನಾಟಕವಲ್ಲ. ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು:

"ದೇವಕಿ, ಅಳಿಸಿ ಅಂತ ಅವರು ಹೇಳ್ತಾ ಇಲ್ಲ. ಆ ಚೀಲ ತೆಗೆದು, ತಲೆ ಮೇಲೊಂದು ಸೌದೆ ಹೊರೆ ಬರೆದ್ರೆ ಸಾಕಂತೆ. ಅಷ್ಟೇ ಬದಲಾವಣೆ."

"ಅಷ್ಟೇ ಅಂತೀರಲ್ಲ ಸರ್. ಆ ಹುಡುಗಿಗೆ ಇರೋದೇ ಅಷ್ಟು."

"ಗೊತ್ತು. ನಾನು ಬೇಡ ಅಂದ್ರೆ ನಾಳೆ ಈ ತೋಟದ ಗೇಟ್ ಮುಚ್ತಾರೆ. ಇವರನ್ನ ನೋಡಿ ಉಳಿದ ತೋಟದವರೂ ಮುಚ್ತಾರೆ. ಈ ಮಕ್ಕಳಿಗೆ ವಾರಕ್ಕೊಂದು ದಿನ ಸಿಗ್ತಿರೋದೂ ಇಲ್ಲದ ಹಾಗಾಗುತ್ತೆ. ನೀವೇ ಹೇಳಿ, ಏನು ಮಾಡ್ಲಿ?"

ನಾನು ಕೂಗಾಡಿದೆ. ರಾಜೀನಾಮೆ ಕೊಡುತ್ತೇನೆಂದೆ. ಕೊಡಿ, ಆದರೆ ಆಮೇಲೆ ಈ ಮಕ್ಕಳ ಹತ್ತಿರ ಯಾರು ಬರುತ್ತಾರೆ ಎಂದು ಅವರು ಮೆಲ್ಲಗೆ ಕೇಳಿದರು. ಮ್ಯಾನೇಜರ್ ಮನೆಗೂ ಹೋದೆ. ಬಹಳ ಮರ್ಯಾದೆಯಿಂದ ಕಾಫಿ ಕೊಟ್ಟರು. ಗೋಡೆ ನಮ್ಮದು, ಸುಳ್ಳು ಬರೆಯಲು ಕೊಟ್ಟದ್ದಲ್ಲ ಎಂದರು. ಪಳನಿಯ ಮನೆಯ ವಿಷಯ ಅವರು ಎತ್ತಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ಎಲ್ಲ ಬಾಗಿಲು ತಟ್ಟಿ ಸೋತು ಬಂದು ಸುಗಂಧಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮುಚ್ಚಿಟ್ಟು ಏನು ಪ್ರಯೋಜನ?

"ಬೇಡಮ್ಮ, ಸುಳ್ಳು ಬರೀಬೇಡ. ಇಡೀ ಗೋಡೆಗೆ ಸುಣ್ಣ ಹೊಡೆದುಬಿಡೋಣ. ನಾನೇ ಹೊಡೀತೇನೆ" ಎಂದೆ.

ಅವಳು ಗೋಡೆಯ ಆ ತುದಿಯಿಂದ ಈ ತುದಿಗೆ ನೋಡಿದಳು. ಬಾಗಿಲುಗಳ ಮುಂದೆ ಇನ್ನೂ ಮಕ್ಕಳು ಕೂತು ಡ್ರಮ್ಮಿಗೆ, ನಾಯಿಗೆ ಬಣ್ಣ ತುಂಬುತ್ತಿದ್ದರು. "ಅವ್ರ ಬಾಗಿಲು ಎಂಥ ಮಾಡಿದೆ ಟೀಚರ್? ಅದು ಇರ್ಲಿ" ಎಂದಳು.

ಅಷ್ಟರಲ್ಲಿ ಪಳನಿ ಬಂದ. ಅವನಿಗೂ ಯಾರೋ ಹೇಳಿ ಕಳಿಸಿದ್ದರು. ಮಗಳ ಹತ್ತಿರ ಬಂದು ಗೋಡೆಯನ್ನು ನೋಡದೆ, ನೆಲ ನೋಡುತ್ತಾ, "ಅವ್ರು ಹೇಳ್ದಂಗೆ ಒಂದು ಹೊರೆ ಬರ್ದ್‌ಬಿಡಮ್ಮ. ಚಿತ್ರ ತಾನೇ" ಎಂದ.

"ಅಮ್ಮನ ತಲೆ ಮೇಲೆ ಆ ಹೊರೆ ನಾನ್ ಇಡಲ್ಲಪ್ಪ."

ಪಳನಿಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೋದ. ಸುಗಂಧಿ ಹಸಿರು ಡಬ್ಬ ತೆಗೆದಳು. ಅದಕ್ಕೆ ಸ್ವಲ್ಪ ಕಪ್ಪು ಸೇರಿಸಿ ಕಲಸಿದಳು. ಅಮ್ಮನ ಪಾದದ ಮೇಲೆ ಮೊದಲ ಎಲೆ ಬರೆದಾಗ ಅವಳು ಏನು ಮಾಡುತ್ತಿದ್ದಾಳೆಂದು ನನಗೆ ಹೊಳೆಯಿತು. ಹೋಗಿ ಕೈ ಹಿಡಿದೆ. ಬಿಡಿಸಿಕೊಂಡಳು.

ಆ ಸಂಜೆ ಮತ್ತು ಮರುದಿನ ಇಡೀ ಅವಳು ಎಲೆ ಬರೆದಳು. ರೊಬಸ್ಟಾ ಕಾಫಿಯ ಅಗಲದ ಎಲೆ, ಅಂಚು ಅಲೆಅಲೆಯಾಗಿ, ನಡುವೆ ನರ ಎದ್ದು ಕಾಣುವ ಹಾಗೆ, ಒಂದೊಂದಾಗಿ. ಅವಸರ ಮಾಡಲಿಲ್ಲ, ಸುಮ್ಮನೆ ಮೆತ್ತಿ ಮುಚ್ಚಲಿಲ್ಲ. ಸೀರೆಯ ನೆರಿಗೆ ಹೋಯಿತು, ಚೀಲ ಹೋಯಿತು. ಉಳಿದ ಮಕ್ಕಳು ಬಣ್ಣ ಬಿಟ್ಟು ಹಿಂದೆ ಬಂದು ಕೂತರು. ಮುಖದ ಹತ್ತಿರ ಬಂದಾಗ ಬ್ರಷ್ ತೊಳೆದು ಬಂದು ಚಿಕ್ಕದನ್ನು ತೆಗೆದುಕೊಂಡಳು. ಕೊನೆಗೆ ಕೊಂಬೆ ಬಗ್ಗಿಸಿ ಹಿಡಿದಿದ್ದ ಕೈ ಉಳಿಯಿತು. ಅದರ ಮೇಲೆ ಕೆಂಪು ಹಣ್ಣಿನ ಗೊಂಚಲು ಬರೆದಳು. ನನಗೆ ನೋಡಲಾಗದೆ ಶಿಶುವಿಹಾರದ ಒಳಗೆ ಹೋಗಿ ಕೂತೆ.

ಪ್ರಭಾಕರ್ ನೋಡಿ ನಿಟ್ಟುಸಿರು ಬಿಟ್ಟರು. ರೈಟರ್ ಬಂದು, "ಈಗ ಸರಿ ಆಯ್ತು. ತೋಟ ತೋಟದ ಹಾಗೆ ಕಾಣ್ತದೆ" ಎಂದ. ಅವತ್ತು ನಾನು ಅವನಿಗೆ ಹೇಳಿದ ಮಾತನ್ನು ಇಲ್ಲಿ ಬರೆಯುವ ಹಾಗಿಲ್ಲ.

ಹೊಸ ಹುಡುಗಿ, ನಿನಗೆ ನಾನು ಹೇಳಬೇಕೆಂದಿದ್ದದ್ದು ಇದು. ಮಕ್ಕಳಿಗೆ ತಮ್ಮದೇ ಬಾಗಿಲು ಬರೆಯಲು ಹೇಳುವುದು ಸುಲಭ. ಅವರು ಬರೆಯುತ್ತಾರೆ, ನಿಜವನ್ನೇ ಬರೆಯುತ್ತಾರೆ. ಬರೆದ ಮೇಲೆ ಅದನ್ನು ಉಳಿಸಿಕೊಡಲು ನಮ್ಮ ಕೈಯಲ್ಲಿ ಏನಿದೆ? ಗೋಡೆ ನಮ್ಮದಲ್ಲ, ಗೇಟು ನಮ್ಮದಲ್ಲ, ಕಾರ್ಯಕ್ರಮವೂ ನಮ್ಮದಲ್ಲ. ಕಾಗದದ ಮೇಲೆ ಬರೆಸು, ಮನೆಗೆ ತೆಗೆದುಕೊಂಡು ಹೋಗಲಿ ಎಂದು ನಾನು ಆಮೇಲೆ ಎಲ್ಲ ಕಡೆ ಹೇಳುತ್ತಾ ಬಂದೆ. ಯಾರೂ ಕೇಳಲಿಲ್ಲ. ಗೋಡೆಯಾದರೆ ಫೋಟೋದಲ್ಲಿ ಚೆನ್ನಾಗಿ ಬರುತ್ತದೆ. ಕೆಲಸ ಬಿಡು ಎಂದು ನಿನಗೆ ಹೇಳುತ್ತಿಲ್ಲ, ನಾನೂ ಬಿಡಲಿಲ್ಲ. ಆ ಬಳಿಕವೂ ವರ್ಷಗಟ್ಟಲೆ ಬಣ್ಣದ ಡಬ್ಬ ಹೊತ್ತೆ, ಆದರೆ ಮೊದಲಿನ ಮನಸ್ಸು ನನಗೆ ಮತ್ತೆ ಬರಲಿಲ್ಲ.

ಸುಗಂಧಿ ಈಗ ವಿರಾಜಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿದ್ದಾಳೆ. ಕಾಲೇಜು ಮುಗಿಸಲಿಲ್ಲ. ನಿವೃತ್ತಿಯಾಗುವ ಮೊದಲು ಒಮ್ಮೆ ಹೋಗಿದ್ದೆ. ಕೂರಿಸಿದಳು, ಟೀ ತರಿಸಿದಳು, ಮೊಮ್ಮಗನಿಗೆಂದು ಅಂಗಿ ಆರಿಸಿ ಕೊಟ್ಟಳು. ಹಬ್ಬದ ಮುಂಚಿನ ದಿನಗಳು. ಅಂಗಡಿಯ ಯಜಮಾನರು ಬಾಗಿಲ ಮುಂದೆ ದೊಡ್ಡ ರಂಗೋಲಿ ಹಾಕಬೇಕು, ನಿಮ್ಮಲ್ಲಿ ಯಾರಿಗೆ ಚಿತ್ರ ಬರುತ್ತದೆ ಎಂದು ಹುಡುಗಿಯರನ್ನೆಲ್ಲ ಕೇಳಿದರು. ನಾನು ಸುಗಂಧಿಯ ಮುಖ ನೋಡಿದೆ. "ನಂಗೆ ಬರಲ್ಲ ಸರ್" ಎಂದು ಸೀರೆ ಮಡಚುತ್ತಾ ಹೇಳಿದಳು. ನಾನು ಅಂಗಿಯ ಪೊಟ್ಟಣ ತೆಗೆದುಕೊಂಡು ಎದ್ದೆ.

ಇನ್ನು ಉದ್ಘಾಟನೆಯ ದಿನದ್ದನ್ನು ಹೇಳಿ ಮುಗಿಸುತ್ತೇನೆ. ಶಿಶುವಿಹಾರದ ಅಂಗಳಕ್ಕೆ ಶಾಮಿಯಾನ ಹಾಕಿದ್ದರು. ಲೈನಿನವರಿಗೆಲ್ಲ ಅರ್ಧ ದಿನ ರಜೆ. ಮುಖ್ಯ ಅತಿಥಿಯಾಗಿ ಹೊರಗಿನಿಂದ ಒಬ್ಬರು ಹಿರಿಯ ಕಲಾವಿದರು ಬಂದಿದ್ದರು. ಒಳ್ಳೆಯ ಮನುಷ್ಯರು, ಹಿಂದೆ ನಡೆದದ್ದು ಅವರಿಗೆ ಏನೂ ಗೊತ್ತಿರಲಿಲ್ಲ. ಒಂದೊಂದು ಬಾಗಿಲ ಮುಂದೆಯೂ ನಿಂತು, ಬರೆದ ಮಗುವಿನ ಹತ್ತಿರ ಮಾತಾಡಿ, ನಿಧಾನವಾಗಿ ಬಂದರು. ಮ್ಯಾನೇಜರ್, ಪ್ರಭಾಕರ್, ರೈಟರ್ ಎಲ್ಲರೂ ಹಿಂದೆ ಇದ್ದರು. ಪಳನಿ ಶಾಮಿಯಾನದ ಕಂಬ ಹಿಡಿದು ನಿಂತಿದ್ದ.

ಸುಗಂಧಿಯ ಕಾಫಿ ಗಿಡದ ಮುಂದೆ ಅತಿಥಿಗಳು ಬಹಳ ಹೊತ್ತು ನಿಂತರು. ಹತ್ತಿರ ಹೋಗಿ ಎಲೆಯ ನರಗಳನ್ನು ನೋಡಿದರು, ಹಿಂದೆ ಬಂದು ನೋಡಿದರು. ಯಾರು ಬರೆದದ್ದು ಎಂದು ಕೇಳಿ ಅವಳನ್ನು ಕರೆಸಿಕೊಂಡು ತಲೆ ಸವರಿದರು.

"ತುಂಬಾ ಒಳ್ಳೇ ಕೈ ಮಗಳೇ ನಿಂದು. ಎಲೆ ಅಂದ್ರೆ ಹೀಗಿರಬೇಕು. ಆದ್ರೆ ಒಂದು ಮಾತು ಹೇಳ್ಲಾ? ಬರೀ ಗಿಡ ಆಯ್ತು. ಈ ಜಾಗದಲ್ಲಿ ಒಬ್ಬ ಹೆಂಗಸು ನಿಂತು ಹಣ್ಣು ಕೊಯ್ತಾ ಇರೋ ಹಾಗೆ ಬರೆದಿದ್ರೆ ಚಿತ್ರ ಪೂರ್ತಿ ಆಗ್ತಿತ್ತು" ಎಂದರು. ಹೇಳುತ್ತಾ ಬೆರಳಿನಿಂದ ಜಾಗ ತೋರಿಸಿದರು. ಸರಿಯಾಗಿ ಅದೇ ಜಾಗ.

ಲೈನಿನ ಹೆಂಗಸರೆಲ್ಲ ಅಲ್ಲೇ ಇದ್ದರು. ಸುಗಂಧಿ ಅತಿಥಿಯನ್ನು ನೋಡಲಿಲ್ಲ. ರೈಟರ್ ಮುಖವನ್ನು ನೇರ ನೋಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಇದ್ರು ಸರ್."